ಚಲಚ್ಚಿತ್ರವೆಂಬ ಸಾಕ್ಷಿ

ಸತ್ಕಾರ್ಯಕ್ಕೆ ನೋಡುವವನೊಬ್ಬನು ಬೇಕೇ? ಯಾರೂ ನೋಡದೆ, ಯಾವ ಯಂತ್ರವೂ ಹಿಡಿದಿಡದೆ ನಡೆದುಹೋದ ಕಾರ್ಯದ ಬೆಲೆಯು ಕಡಿಮೆಯಾಗುವದೇ? ಪ್ರಶ್ನೆಯು ಹಳೆಯದು, ಆದರೆ ಚಲಚ್ಚಿತ್ರವು ಹುಟ್ಟಿದಂದಿನಿಂದ ಅದು ಹೊಸ ರೂಪವನ್ನು ತಾಳಿರುವದು. ಇಂದು ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಬೀದಿಗಳಲ್ಲಿ ಚುನಾವಣೆಯ ಮೆರವಣಿಗೆ ಹೊರಟರೆ, ಮತ ಬೇಡುವವರು ಕೈಮುಗಿಯುವದಕ್ಕಿಂತ ಮೊದಲೇ ಹತ್ತಾರು ಮೊಬೈಲುಗಳು ಮೇಲಕ್ಕೇಳುವವು. ಚಿತ್ರದಲ್ಲಿ ಬಂದದ್ದೇ ನಡೆದದ್ದು, ಬಾರದ್ದು ನಡೆದೇ ಇಲ್ಲ ಎಂಬ ಭಾವನೆಯು ಮಕ್ಕಳಲ್ಲಿ ಮಾತ್ರವಲ್ಲ, ಬಲ್ಲವರಲ್ಲಿಯೂ ಬೇರೂರುತ್ತಲಿದೆ. ಆದುದರಿಂದ ಈ ವಿಷಯವನ್ನು ತುಸು ವಿಚಾರಿಸುವದು ಅವಶ್ಯವು.

ಚುನಾವಣೆಗೂ ಚಲಚ್ಚಿತ್ರಕ್ಕೂ ನಂಟು ಬೆಳೆದದ್ದು ಬಹು ಹಿಂದೆಯೇ. 1896ರಲ್ಲಿ ಅಮೇರಿಕೆಯ ಅಧ್ಯಕ್ಷಪದವಿಗೆ ನಿಂತ ವಿಲಿಯಂ ಮ್ಯಾಕಿನ್ಲಿಯವರು ಓಹಾಯೋ ಸಂಸ್ಥಾನದ ಕ್ಯಾಂಟನ್ ಎಂಬ ಊರಿನ ತಮ್ಮ ಮನೆಯಲ್ಲಿಯೇ ಉಳಿದರು; ಜನರೇ ರೈಲುಗಾಡಿಗಳಲ್ಲಿ ಬಂದು ಅವರ ಬಾಗಿಲ ಮುಂದೆ ನೆರೆಯುತ್ತಿದ್ದರು. ಅವರ ಎದುರಾಳಿಯಾದ ವಿಲಿಯಂ ಜೆನಿಂಗ್ಸ್ ಬ್ರಾಯನ್ನರಾದರೋ ಸುಮಾರು 18,000 ಮೈಲು ತಿರುಗಿ ಭಾಷಣ ಮಾಡಿದರು. ಸಪ್ಟಂಬರದಲ್ಲಿ ಬಯೋಗ್ರಾಫ್ ಕಂಪನಿಯವರು ಕ್ಯಾಂಟನ್ನಿಗೆ ಬಂದು ಮ್ಯಾಕಿನ್ಲಿಯವರ ಚಿತ್ರವನ್ನು ತೆಗೆದರು. ಅದರಲ್ಲಿ ಅವರು ಅಂಗಳದ ಹುಲ್ಲಿನ ಮೇಲೆ ನಡೆದು ಬರುವರು, ಒಂದು ಕಾಗದವನ್ನು ತೆಗೆದುಕೊಂಡು ಓದುವರು, ಅಷ್ಟಕ್ಕೇ ಮುಗಿಯಿತು. ಅಕ್ಟೋಬರದಲ್ಲಿ ಇದನ್ನು ನ್ಯೂಯಾರ್ಕಿನ ನಾಟಕಗೃಹದಲ್ಲಿ ಪ್ರದರ್ಶಿಸಿದರು. ಆ ಕಂಪನಿಯಲ್ಲಿ ಅವರ ತಮ್ಮನ ಬಂಡವಾಳವೂ ಇದ್ದಿತು. ಅವರು ನಡೆದದ್ದು ಸುಳ್ಳಲ್ಲ. ಆದರೆ ಅದು ಯಂತ್ರದ ಸಲುವಾಗಿಯೇ ನಡೆದ ನಡಿಗೆಯು.

ಇನ್ನು ನಮ್ಮ ದೇಶದ ಬೇರೊಂದು ನಡಿಗೆಯ ಚಿತ್ರವನ್ನು ನೋಡೋಣ. 1930ರ ಮಾರ್ಚ್ 12ರಂದು ಮಹಾತ್ಮಾ ಗಾಂಧಿಯವರು ಸಾಬರಮತಿಯಿಂದ ಹೊರಟು, ಸುಮಾರು 240 ಮೈಲು ನಡೆದು, ಏಪ್ರಿಲ್ 5ರಂದು ದಂಡಿಯನ್ನು ಮುಟ್ಟಿದರು. ಆ ಯಾತ್ರೆಯ ಕೆಲವು ತುಣುಕುಗಳು ಇಂದಿಗೂ ಉಳಿದಿರುವವು. ಮಾತಿಲ್ಲದ ಆ ಚಿತ್ರಗಳಲ್ಲಿ ಕೋಲೂರಿ ಭರದಿಂದ ನಡೆಯುವ ಮಹಾತ್ಮರೂ, ಅವರೊಡನೆ ಬಿಳಿಯ ಖಾದಿಯನ್ನುಟ್ಟವರೂ ಕಾಣಬರುವರು. ಅವರ ತಂಡದಲ್ಲಿ ಕರ್ನಾಟಕದವರು ಒಬ್ಬರೇ; ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು. ಆಗ ಅವರಿಗೆ 18 ವರ್ಷ.

ಆ ಬಿಳಿಯ ಉಡುಪಿನವರಲ್ಲಿ ಮಹಾದೇವಪ್ಪನವರು ಯಾರು? ಚಿತ್ರವು ಹೇಳಲಾರದು. ಇಂದ್ರಿಯಕ್ಕೂ ವಸ್ತುವಿಗೂ ಸನ್ನಿಕರ್ಷವಾದಾಗ ಹುಟ್ಟುವ ಜ್ಞಾನವನ್ನು ನೈಯಾಯಿಕರು ಪ್ರತ್ಯಕ್ಷವೆಂದು ಕರೆದರು. ಚಿತ್ರವನ್ನು ನೋಡುವಾಗ ನಮ್ಮ ಕಣ್ಣಿನ ಸನ್ನಿಕರ್ಷವು ಪರದೆಯ ಮೇಲಿನ ಬೆಳಕು ನೆರಳುಗಳೊಡನೆ ಮಾತ್ರ. ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವಂತೆ, ಆ ನೆರಳನ್ನು ಕಂಡು ನಡೆದವರನ್ನು ತಿಳಿಯುವೆವು, ಇದು ಅನುಮಾನವು. ನಡೆದವರ ಹೆಸರು, ಊರು, ಸಂಕಲ್ಪ ಇವಾದರೋ ಬಲ್ಲವರ ಮಾತಿನಿಂದ, ಅಂದರೆ ಶಬ್ದಪ್ರಮಾಣದಿಂದಲೇ ತಿಳಿಯತಕ್ಕವು. ಪ್ರತ್ಯಕ್ಷವೆಂದು ನಾವು ನಂಬುವ ಚಿತ್ರಕ್ಕೆ ಅನುಮಾನ, ಶಬ್ದಗಳ ನೆರವಿಲ್ಲದೆ ಅರ್ಥವೇ ಇಲ್ಲ.

"ಮಹಾತ್ಮರೂ ಜಗತ್ತಿನ ದೃಷ್ಟಿಯನ್ನು ಬಯಸಲಿಲ್ಲವೇ? ದಂಡಿಯಲ್ಲಿ ಅವರು ಲೋಕದ ಸಹಾನುಭೂತಿಯನ್ನು ಬೇಡಿದರಷ್ಟೆ!" ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪವು ಯುಕ್ತವಾದದ್ದೇ. ಆಗ ನಮ್ಮ ಪ್ರಾಂತವು ಮುಂಬಯಿ ಇಲಾಖೆಗೆ ಸೇರಿದ್ದಿತು. ಆ ಇಲಾಖೆಯ ಸರಕಾರವು ಯಾತ್ರೆಯ ಚಿತ್ರಗಳನ್ನು 1930ರಲ್ಲಿಯೇ ನಿಷೇಧಿಸಿತು. ಶಕ್ತಿಯಿಲ್ಲದ ವಸ್ತುವನ್ನು ಯಾರೂ ನಿಷೇಧಿಸರು. ಆದುದರಿಂದ ಕಾಣಿಸಿಕೊಳ್ಳುವದು ದೋಷವಲ್ಲ. ಸತ್ಯವು ಪ್ರಕಾಶಕ್ಕೆ ಬರುವದು ಒಳ್ಳೆಯದೇ. ಯಾರೂ ನೋಡದಿದ್ದರೂ ಈ ಕಾರ್ಯವು ನಡೆಯುತ್ತಿದ್ದಿತೇ ಎಂಬದೇ ಇಲ್ಲಿ ಮಾಡತಕ್ಕ ಪರೀಕ್ಷೆಯು. ಯಂತ್ರವನ್ನು ತೆಗೆದುಬಿಟ್ಟರೆ ಕ್ಯಾಂಟನ್ನಿನ ಅಂಗಳದ ಆ ನಡಿಗೆಗೆ ಕಾರಣವೇ ಉಳಿಯದು. ದಂಡಿಯ ನಡಿಗೆಗಾದರೆ ಉಪ್ಪಿನ ಕರವೂ, ಉಪ್ಪಿಗೆ ಕಾಸು ಕೊಡಲಾರದ ಬಡವನೂ ಉಳಿಯುವರು.

ಈ ಪರೀಕ್ಷೆಗೆ ಮಹಾದೇವಪ್ಪನವರ ಜೀವನವೇ ಉತ್ತರವು. 1943ರ ಏಪ್ರಿಲ್ 1ರಂದು ಹಾವೇರಿ ತಾಲೂಕಿನ ಹೊಸರಿತ್ತಿಯಲ್ಲಿ, ವೀರಭದ್ರ ದೇವಾಲಯದಲ್ಲಿ ಇರಿಸಿದ್ದ ಸರಕಾರದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ, ಅವರೂ ಸಂಗಡಿಗರಾದ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇವರೂ ಪೋಲೀಸರ ಗುಂಡಿಗೆ ಬಲಿಯಾದರು. ಜಗತ್ತೇ ನೋಡುತ್ತಿದ್ದ ಯಾತ್ರೆಯಲ್ಲಿ ಹೆಸರಿಲ್ಲದೆ ನಡೆದವರು, ಜಗತ್ತು ನೋಡದಿದ್ದ ಹಳ್ಳಿಯಲ್ಲಿ ಪ್ರಾಣವಿತ್ತರು. ಚಿತ್ರವಿದ್ದ ಕಾರಣದಿಂದ ಮೊದಲನೆಯದು ಹಿರಿದಾಗಲಿಲ್ಲ. ಇಲ್ಲದ ಕಾರಣದಿಂದ ಎರಡನೆಯದು ಕಿರಿದಾಗಲಿಲ್ಲ. ವೇದಾಂತಿಗಳು ಸಾಕ್ಷಿಯೆಂದು ಹೇಳುವದು ಅರಿಯುವ ಚೈತನ್ಯವನ್ನು. ಯಂತ್ರವು ಹಿಡಿಯಬಲ್ಲದು, ಅರಿಯಲಾರದು. ಮಾಡುವವನ ಅಂತರಂಗದ ಸಾಕ್ಷಿಯೊಂದಿದ್ದರೆ ಕಾರ್ಯವು ಪೂರ್ಣವೇ.

ಆದರೆ ಮಾಡಿದವರಿಗೆ ಸಾಕಾದದ್ದು ಉಳಿದವರಿಗೆ ಸಾಲದು. ಹಾವೇರಿಯ ವೀರಸೌಧವು ಆ ಮೂವರ ಸ್ಮಾರಕವಾಗಿ ನಿಂತಿರುವದು, ಕಲ್ಲು ಮಾತನಾಡದು. 1943ನ್ನು ಕಣ್ಣಾರೆ ಕಂಡವರು ಈಗ ಬಲು ವಿರಳರು. ಅವರ ಬಾಯಿಂದ ಕೇಳಿದವರ ಮಾತನ್ನಾದರೂ ಬರೆದಿಡುವದು ಈ ಭಾಗದ ವಿದ್ಯಾವಂತ ಮನೆತನಗಳ ಕರ್ತವ್ಯವು. ದಂಡಿಯ ಚಿತ್ರವನ್ನು ಮಕ್ಕಳಿಗೆ ತೋರಿಸುವಾಗ ಆ ತಂಡದಲ್ಲಿ ಮೋಟೆಬೆನ್ನೂರಿನವರೊಬ್ಬರು ಇದ್ದರೆಂದು ತಂದೆತಾಯಿಗಳು ಹೇಳದಿದ್ದರೆ ಚಿತ್ರವು ಎಂದಿಗೂ ಹೇಳದು. ಮತ ಬೇಡಲು ಬಂದವರ ಚಿತ್ರಗಳನ್ನು ನೋಡುವಾಗಲೂ, ಯಾವ ಮೊಬೈಲೂ ಎದುರಿಗಿಲ್ಲದ ದಿನಗಳಲ್ಲಿ ಇವರು ನಮ್ಮ ಊರಿಗೆ ಏನು ಮಾಡಿದರೆಂದು ನೆರೆಹೊರೆಯವರನ್ನು ಕೇಳಿ, ಆ ಮೇಲೆ ಮತಗಟ್ಟೆಗೆ ನಡೆಯತಕ್ಕದ್ದು.