ರಕ್ತದ ಚೀಟಿ, ಶ್ವೇತಕೇತುವಿನ ಉಪವಾಸ

ವೀರೇಶ್ವರ ಶರಣರ ಹೆಸರಿನೊಡನೆ ಬೆಸೆದುಕೊಂಡಿರುವ ನಾಲತವಾಡದ ಸೀಮೆಯಲ್ಲಿ ಒಬ್ಬ ರೈತನು ಮಾತು ಬಿಟ್ಟು, ಹೊಲವನ್ನು ಮರೆತು, ಗೋಡೆಗೆ ಒರಗಿ ಕುಳಿತುಬಿಟ್ಟರೆ, ಮನೆಯವರು ಮೊದಲು ‘ಗಾಳಿ ಸೋಕೈತಿ’ ಎನ್ನುವರು. ತಾಯಿತವೂ ಹರಕೆಯೂ ಫಲಿಸದಿದ್ದಾಗ ‘ಪೂರ್ವಕರ್ಮ’ ಎನ್ನುವರು. ಕಟ್ಟಕಡೆಗೆ ವೈದ್ಯನಲ್ಲಿಗೆ ಕರೆದೊಯ್ದರೆ, ಆತನು ದುಃಖದ ಕಥೆಯನ್ನು ಕೇಳುತ್ತಲೇ ತೋಳಿನಿಂದ ಒಂದಿಷ್ಟು ರಕ್ತವನ್ನೂ ತೆಗೆಯುವನು. ಹಿರಿಯರಿಗೆ ಇದು ವಿಚಿತ್ರವಾಗಿ ತೋರುವುದು. ಸಂತಾಪವು ಸೀಸೆಯೊಳಗೆ ತುಂಬಿ ಅಳೆಯಬಹುದಾದ ವಸ್ತುವಾದರೆ, ಆತ್ಮವೆಂಬುದರ ಗತಿಯೇನು?

ಈ ಪ್ರಶ್ನೆ ಹೊಸದೇನೂ ಅಲ್ಲ. ಛಾಂದೋಗ್ಯೋಪನಿಷತ್ತಿನಲ್ಲಿ ಉದ್ದಾಲಕನು, ಉಂಡ ಅನ್ನದ ಸೂಕ್ಷ್ಮಾಂಶವೇ ಮನಸ್ಸಾಗುವುದೆಂದು ಮಗ ಶ್ವೇತಕೇತುವಿಗೆ ಹೇಳಿ, ಅಷ್ಟಕ್ಕೆ ತೃಪ್ತನಾಗದೆ, ಹದಿನೈದು ದಿನ ನೀರನ್ನು ಮಾತ್ರ ಕುಡಿದಿರುವಂತೆ ಅವನಿಗೆ ವಿಧಿಸುವನು. ಹದಿನಾರನೆಯ ದಿನ ಬಂದು ನಿಂತ ಶ್ವೇತಕೇತುವಿಗೆ, ಹನ್ನೆರಡು ವರ್ಷ ಕಲಿತ ವೇದದ ಒಂದು ಋಕ್ಕೂ ನೆನಪಿಗೆ ಬಾರದು. ಉಂಡು ಬಂದ ಬಳಿಕ ಎಲ್ಲವೂ ಮರಳುವುದು. ಸೂಜಿಯಿಲ್ಲ, ಪ್ರಯೋಗಶಾಲೆಯಿಲ್ಲ, ಆದರೂ ಇದು ಪ್ರಯೋಗವೇ. ಮನಸ್ಸು ಅನ್ನಮಯವೆಂದು ಒಪ್ಪಿದ ಆ ತಂದೆಯೇ ಮುಂದೆ ಅದೇ ಮಗನಿಗೆ ಆತ್ಮತತ್ತ್ವವನ್ನೂ ಬೋಧಿಸಿದನೆಂಬುದನ್ನು, ರಕ್ತಪರೀಕ್ಷೆಯನ್ನು ನಾಸ್ತಿಕತೆಯೆಂದು ಶಂಕಿಸುವವರು ಗಮನಿಸಬೇಕು.

ನಮ್ಮ ಜೋಳದ ನಾಡಿಗೆ ಈ ಮಾತು ತೀರ ಹತ್ತಿರದ್ದು. ಹೈದರಾಬಾದಿನಲ್ಲಿ ಪೋಷಣಶಾಸ್ತ್ರದ ಸಂಶೋಧನೆ ನಡೆಸುತ್ತಿದ್ದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯನವರು, ದಖ್ಖನಿನಲ್ಲಿ ಜೋಳವನ್ನೇ ನಂಬಿ ಬದುಕುತ್ತಿದ್ದ ಬಡವರಿಗೆ ತಗಲುತ್ತಿದ್ದ ಪೆಲಾಗ್ರವೆಂಬ ರೋಗವನ್ನು ಪರಿಶೀಲಿಸಿ, ಜೋಳದಲ್ಲಿ ಹೇರಳವಾಗಿರುವ ಲ್ಯೂಸಿನ್ ಎಂಬ ಅಂಶವು ನಿಯಾಸಿನ್ ಜೀವಸತ್ತ್ವದ ಉತ್ಪತ್ತಿಯನ್ನು ಕೆಡಿಸುವುದೆಂಬ ವಾದವನ್ನು 1960ರಲ್ಲಿ ಮಂಡಿಸಿದರು. ವಿದ್ವಾಂಸರು ಅದನ್ನು ಮುಂದೆ ಬಹಳ ಚರ್ಚಿಸಿದರೂ, ರೋಗದ ಲಕ್ಷಣಗಳ ಬಗ್ಗೆ ವಿವಾದವಿಲ್ಲ: ಬಿಸಿಲು ತಾಕಿದ ಕತ್ತು ಕೈಗಳ ಚರ್ಮ ಕಪ್ಪಾಗಿ ಸುಲಿಯುವುದು, ಹೊಟ್ಟೆ ಕೆಡುವುದು, ಮನಸ್ಸು ಕುಗ್ಗಿ ಕೊನೆಗೆ ಬುದ್ಧಿಯೇ ತಪ್ಪುವುದು. ಅಮೆರಿಕೆಯ ದಕ್ಷಿಣ ಪ್ರಾಂತಗಳಲ್ಲಿ ಮೆಕ್ಕೆಜೋಳ ತಿಂದ ಬಡವರು ಇದೇ ವ್ಯಾಧಿಯಿಂದ ಹುಚ್ಚಾಸ್ಪತ್ರೆಗಳನ್ನು ತುಂಬಿದ್ದರು. ನಿಯಾಸಿನ್ನೇ ಮದ್ದೆಂದು ತಿಳಿದುದು 1937ರಲ್ಲಿ. ಜೋಳವನ್ನು ದೂಷಿಸುವುದು ನನ್ನ ಉದ್ದೇಶವಲ್ಲ; ರೊಟ್ಟಿಯ ಪಕ್ಕದಲ್ಲಿ ಶೇಂಗಾ ಹಿಂಡಿ, ಬೇಳೆ, ಮೊಸರುಗಳನ್ನಿಟ್ಟ ನಮ್ಮ ತಾಯಂದಿರ ಜಾಣ್ಮೆ ದೊಡ್ಡದು. ಬರಿಯ ರೊಟ್ಟಿಗೆ ಉಪ್ಪು ಖಾರವೇ ಗತಿಯಾದವನ ಚಿತ್ತಭ್ರಮೆಗೆ ಅವನ ಹಿಂದಿನ ಜನ್ಮವನ್ನೇಕೆ ಹುಡುಕಬೇಕು? ಇಲ್ಲಿ ಕರ್ಮವಿದ್ದರೆ ಅದು ಉಣ್ಣದವನದಲ್ಲ, ಅವನಿಗೆ ಉಣಗೊಡದವರದು.

ಇಂದಿನ ವೈದ್ಯರು ಥೈರಾಯ್ಡ್ ಗ್ರಂಥಿಯ ರಸವನ್ನೂ, ಹಿಮೋಗ್ಲೋಬಿನನ್ನೂ, ಸಸ್ಯಾಹಾರಿಗಳಲ್ಲಿ ಕಡಿಮೆಯಾಗಬಲ್ಲ ಬಿ12 ಜೀವಸತ್ತ್ವವನ್ನೂ, ಸಂಶಯವಿದ್ದಲ್ಲಿ ಸೀಸದ ವಿಷವನ್ನೂ ರಕ್ತದಲ್ಲಿ ನೋಡುವರು. ಬಿ12ನ್ನು ಅಳೆಯುವ ಮಾನವು ಪಿಕೊಗ್ರಾಂ, ಎಂದರೆ ಒಂದು ಗ್ರಾಮಿನ ಲಕ್ಷಕೋಟಿಯ ಒಂದು ಪಾಲು; ಮಿಲಿಲೀಟರಿಗೆ ಅಂತಹ 200 ಪಾಲುಗಳಿಗಿಂತ ಇಳಿದರೆ ಸಾಮಾನ್ಯವಾಗಿ ಕೊರತೆಯೆನ್ನುವರು. ‘ನಾನು’ ಎಂದು ಬೀಗುವ ಅಹಂಕಾರವು ಇಷ್ಟು ಅಲ್ಪದ ಆಸರೆಯಲ್ಲಿ ನಿಂತಿದೆಯೆಂಬ ಅರಿವು, ಹಲವು ಪ್ರವಚನಗಳಿಗಿಂತ ಹೆಚ್ಚಾಗಿ ನನ್ನನ್ನು ವಿನೀತನನ್ನಾಗಿ ಮಾಡಿದೆ.

ಆದರೆ ಖಿನ್ನರಾದ ಬಹುಮಂದಿಯ ರಕ್ತದಲ್ಲಿ ಇಂತಹ ಯಾವ ಕೊರತೆಯೂ ಕಾಣದು. ನೂರು ಪರೀಕ್ಷೆಗಳ ಪಟ್ಟಿಯನ್ನು ಮಾರುವ ಅಂಗಡಿಗಳು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ‘ಎಲ್ಲಾ ನಾರ್ಮಲ್ ಐತಿ’ ಎಂಬ ಚೀಟಿ ಕೈಗೆ ಬಂದೊಡನೆ, ಅದುವರೆಗೆ ಮರುಗುತ್ತಿದ್ದ ಮನೆಯವರ ದನಿ ಗಡುಸಾಗುವುದು. ರೋಗವಿಲ್ಲದವನು ಸೋಮಾರಿಯೋ ಪಾಪಿಯೋ ಆಗಿರಲೇಬೇಕಲ್ಲವೆ! ಗಾಳಿ ಸೋಕಿದವನೆಂದಾದರೂ ಆತನಿಗೆ ದೊರೆಯುತ್ತಿದ್ದ ಕನಿಕರವನ್ನು ಆ ಚೀಟಿಯು ಕಸಿದುಕೊಳ್ಳುವುದು. ಗೋಡೆಗೊರಗಿದವನು ಮಾತ್ರ, ಚೀಟಿಗೆ ಮೊದಲು ಎಷ್ಟು ದಣಿದಿದ್ದನೋ ಅಷ್ಟೇ ದಣಿದು, ಅಲ್ಲಿಯೇ ಕುಳಿತಿರುವನು.