ಸೋತವನ ಮುಖ ನೋಡಿದವರು ಯಾರು?

ಸತ್ಯವೇದ ತಂದಿರುವವರು ನ್ಯಾಯಸ್ಥಾಪಕರು 14ನೇ ಅಧ್ಯಾಯವನ್ನು ಮುಚ್ಚಬೇಡಿ, ಹಾಗೇ ಇಟ್ಟುಕೊಳ್ಳಿ. ಸಂಸೋನನ ಬಲ, ಅವನ ಕೂದಲು, ದೆಲೀಲಾ, ಇದೆಲ್ಲ ನಮ್ಮ ಸಂಡೇ ಸ್ಕೂಲ್ ಮಕ್ಕಳಿಗೂ ಬಾಯಿಪಾಠ. ಆದರೆ ತಿಮ್ನಾದ ಮದುವೆ ಮನೆಯಲ್ಲಿ ಅವನು ಕಟ್ಟಿದ ಪಂಥದ ಮೇಲೆ ಪ್ರಸಂಗ ಕೇಳಿದವರು ಕಡಿಮೆ.

ಏನಾಯ್ತು ಅಲ್ಲಿ? ಮೂವತ್ತು ಜನ ಗೆಳೆಯರ ಮುಂದೆ ಒಂದು ಒಗಟು ಇಟ್ಟ. ಏಳು ದಿನದೊಳಗೆ ಬಿಡಿಸಿದರೆ ಮೂವತ್ತು ನಾರುಮಡಿ, ಮೂವತ್ತು ಜೊತೆ ಬಟ್ಟೆ ನಾನು ಕೊಡ್ತೀನಿ, ಇಲ್ಲಾಂದ್ರೆ ನೀವು ಕೊಡಬೇಕು ಅಂದ. ಗಮನಿಸಿ, ಇದು ಪೂರ್ತಿ ಬುದ್ಧಿಯ ಪಂಥ. ಅದೃಷ್ಟ ಅನ್ನೋ ಮಾತೇ ಇಲ್ಲ. ಕೊನೆಗೆ ಏನಾಯ್ತು? ಅವರು ಅವನ ಹೆಂಡತಿಯನ್ನು ಬೆದರಿಸಿದರು, ಅವಳು ಅತ್ತು ಅತ್ತು ಗುಟ್ಟು ತೆಗೆದುಕೊಂಡಳು, ಇವನು ಸೋತ. ಸೋತವನು ತನ್ನ ಮನೆಯ ಪೆಟ್ಟಿಗೆ ತೆಗೆದು ಬಟ್ಟೆ ಕೊಟ್ಟನಾ? ಇಲ್ಲ! ಅಷ್ಕೆಲೋನಿಗೆ ಹೋಗಿ ಮೂವತ್ತು ಜನರನ್ನು ಕೊಂದು, ಅವರ ಮೈಮೇಲಿದ್ದದ್ದನ್ನು ಸುಲಿದುಕೊಂಡು ಬಂದು ಕೊಟ್ಟ. ಆ ಮೂವತ್ತು ಜನ ಮದುವೆಗೆ ಬಂದಿದ್ದರಾ? ಒಗಟು ಕೇಳಿದ್ದರಾ? ಅವರಿಗೆ ಪಂಥದ ಸುದ್ದಿಯೇ ಗೊತ್ತಿರಲಿಲ್ಲ. ಸಾಲ ತೀರಿಸಿದವರು ಮಾತ್ರ ಅವರೇ. ಮುಂದಿನ ಅಧ್ಯಾಯದಲ್ಲಿ ಆ ಹೆಣ್ಣುಮಗಳನ್ನೂ ಅವಳ ತಂದೆಯನ್ನೂ ಸುಟ್ಟುಹಾಕಿದರು, ಅದನ್ನು ಮನೆಗೆ ಹೋಗಿ ಓದಿಕೊಳ್ಳಿ.

ಯಾಕೆ ಇದನ್ನು ಹೇಳ್ತಿದ್ದೀನಿ ಅಂದ್ರೆ, ನಮ್ಮ ಸಭೆಯ ಒಬ್ಬ ಸಹೋದರಿ ಒಂದು ಕವರ್ ತಂದು ನನ್ನ ಮುಂದೆ ಇಟ್ಟರು. "ಪಾಸ್ಟರ್, ನಮ್ಮ ಮನೆಯವರಿಗೆ ರೇಸ್‌ನಲ್ಲಿ ಬಂದ ದುಡ್ಡು. ದಶಮಾಂಶ ತೆಗೆದಿಟ್ಟಿದ್ದೀನಿ. ಕಾಣಿಕೆ ಪೆಟ್ಟಿಗೆಗೆ ಹಾಕಬಹುದಾ?" ಹೆಸರು ಹೇಳಲ್ಲ, ಯಾರೂ ತಿರುಗಿ ನೋಡಬೇಡಿ. ಆ ತಾಯಿ ಕೇಳದೆಯೇ ಹಾಕಿಬಿಟ್ಟಿದ್ದರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಕೇಳಿದ್ದಕ್ಕೆ ನಾನು ದೇವರನ್ನು ಸ್ತುತಿಸ್ತೀನಿ.

ಅವರ ಯಜಮಾನರೂ ಬಂದು ಮಾತಾಡಿದರು. ತಿಳುವಳಿಕೆ ಇರೋ ಮನುಷ್ಯ. ಅವರು ಹೇಳಿದ್ದು ಇಷ್ಟು: "ಪಾಸ್ಟರ್, ಇದು ಜೂಜು ಅಲ್ಲ. ಸುಪ್ರೀಂ ಕೋರ್ಟೇ ಹೇಳಿದೆ." ಹೌದು, ಹೇಳಿದೆ. ಮದ್ರಾಸ್ ರೇಸ್ ಕ್ಲಬ್ಬಿಗೆ ಸಂಬಂಧಪಟ್ಟ ಕೇಸಿನಲ್ಲಿ, 1996ರಲ್ಲಿ. ಕುದುರೆಯ ತಳಿ, ತರಬೇತಿ, ಜಾಕಿಯ ಕೈಚಳಕ ಇವೆಲ್ಲ ಸೇರುವುದರಿಂದ ಅದು ಮುಖ್ಯವಾಗಿ ಕೌಶಲದ ಆಟ ಅಂತ ತೀರ್ಪು. ನಮ್ಮ ವಿಧಾನಸೌಧದಿಂದ ಕೂಗಳತೆಯಲ್ಲೇ ರೇಸ್ ಕೋರ್ಸ್ ಇಷ್ಟು ವರ್ಷ ನಡೆದುಕೊಂಡು ಬಂದಿರೋದೂ ಕಾನೂನಿನ ಪ್ರಕಾರವೇ. ಇತ್ತ 2025ರ ಆಗಸ್ಟ್‌ನಲ್ಲಿ ಪಾರ್ಲಿಮೆಂಟು ಇನ್ನೊಂದು ಕಾನೂನು ಮಾಡಿತು. ಮೊಬೈಲ್‌ನಲ್ಲಿ ದುಡ್ಡು ಕಟ್ಟಿ ಆಡೋ ಆಟ, ಕೌಶಲವೋ ಅದೃಷ್ಟವೋ ಅನ್ನೋ ಭೇದ ಇಲ್ಲದೆ, ನಿಷೇಧ. ಹಾಗಾದರೆ ಕೌಂಟರಿನಲ್ಲಿ ಕಟ್ಟಿದರೆ ನೀತಿ, ಫೋನಿನಲ್ಲಿ ಕಟ್ಟಿದರೆ ಪಾಪ ಅಂತಲಾ? ಕೋರ್ಟು ಕೋರ್ಟಿನ ಕೆಲಸ ಮಾಡ್ತದೆ. ನಮ್ಮ ಮನಸ್ಸಾಕ್ಷಿಯ ಕೆಲಸವನ್ನು ಅದರ ಮೇಲೆ ಹೊರಿಸಬಾರದು.

ಆದರೂ ಆ ಸಹೋದರನ ಮಾತನ್ನು ಒಪ್ಪಿಕೊಂಡೇ ನೋಡೋಣ. ಕೌಶಲವೇ ಅನ್ನೋಣ. ಅವರು ರೇಸ್ ಪುಸ್ತಕ ತಿರುವಿ, ಕುದುರೆ ಹಿಂದೆ ಹೇಗೆ ಓಡಿತ್ತು, ಎಷ್ಟು ತೂಕ ಹೊರಿಸಿದ್ದಾರೆ, ಮಳೆ ಬಂದು ನೆಲ ಮೆತ್ತಗಾಗಿದೆಯಾ, ಎಲ್ಲ ಲೆಕ್ಕ ಹಾಕ್ತಾರೆ. (ಚೆನ್ನಾಗಿ ಓಡುವ ಕುದುರೆಗೇ ಹೆಚ್ಚು ತೂಕ ಹೊರಿಸುವ ಪದ್ಧತಿ ಇದೆ, ಎಲ್ಲವೂ ಸರಿಸಮ ಆಗಲಿ ಅಂತ. ಕೌಶಲದಿಂದ ಗೆಲ್ಲಬಾರದು ಅಂತಲೇ ಒಂದು ಏರ್ಪಾಡು!) ಇರಲಿ. ಗೆದ್ದ ದುಡ್ಡು ಎಲ್ಲಿಂದ ಬಂತು? ಕುದುರೆ ದುಡ್ಡು ಹುಟ್ಟಿಸಲಿಲ್ಲ. ಟೋಟ್ ಅಂದರೆ ಏನು? ಎಲ್ಲರೂ ಕಟ್ಟಿದ ಹಣ ಒಂದು ಕಡೆ ಸೇರ್ತದೆ, ಅದರಲ್ಲಿ ಕ್ಲಬ್ ತನ್ನ ಪಾಲು ತೆಗೀತದೆ, ಉಳಿದದ್ದನ್ನು ಗೆದ್ದವರು ಹಂಚಿಕೊಳ್ತಾರೆ. ಇದರ ಮೇಲೆ ಸರ್ಕಾರದ ತೆರಿಗೆ ಬೇರೆ. 2023ರ ಅಕ್ಟೋಬರ್‌ನಿಂದ ಪಣದ ಪೂರ್ತಿ ಮೊತ್ತಕ್ಕೆ ಶೇಕಡ 28 ಜಿಎಸ್‌ಟಿ, 2025ರ ಸೆಪ್ಟೆಂಬರ್‌ನಿಂದ ಶೇಕಡ 40. ಅಂದರೆ ಕುದುರೆ ಗೇಟಿನಿಂದ ಹೊರಡುವ ಮೊದಲೇ, ಬಂದಷ್ಟು ಜನರ ಕೈಗೆ ಬಂದಷ್ಟು ದುಡ್ಡು ವಾಪಸ್ ಹೋಗಲ್ಲ ಅನ್ನೋದು ನಿಶ್ಚಯ.

ಹಾಗಾದರೆ ಕೌಶಲ ಇದ್ದವನು ಯಾರಿಂದ ಗೆಲ್ತಾನೆ? ಕೌಶಲ ಇಲ್ಲದವನಿಂದ. ಓದಲು ಬಾರದ, ಯಾರೋ ಕಿವಿಯಲ್ಲಿ ಹೇಳಿದ ಟಿಪ್ ನಂಬಿಕೊಂಡು ಬಂದ, ದಿನಗೂಲಿಯ ಮನುಷ್ಯನಿಂದ. ಬರೀ ಅದೃಷ್ಟ ಆಗಿದ್ದರೆ ಇಬ್ಬರೂ ಒಂದೇ ಹಳ್ಳದಲ್ಲಿ ಬಿದ್ದ ಕುರುಡರು ಅನ್ನಬಹುದಿತ್ತು. ಕೌಶಲ ಅಂದಾಗ, ಕಣ್ಣಿದ್ದವನು ಕುರುಡನ ಜೇಬಿಗೆ ಕೈ ಹಾಕಿದ ಹಾಗಾಯ್ತು. ಸಹೋದರ ತನ್ನ ಸಮರ್ಥನೆಗೆ ತಂದ ಮಾತೇ ಅವರ ಮೇಲೆ ದೊಡ್ಡ ಆರೋಪ ಅಂತ ನನಗೆ ಕಾಣ್ತದೆ.

ಇಲ್ಲಿ ಅವರು ಒಂದು ಒಳ್ಳೆ ಪ್ರಶ್ನೆ ಕೇಳಿದರು. "ಅಯ್ಯಾ, ರೈತ ಬಿತ್ತೋದೂ ಒಂದು ಪಣ ಅಲ್ವಾ? ಅಂಗಡಿ ಇಡೋದು?" ಒಪ್ತೀನಿ, ಮಳೆ ನಂಬಿ ಬಿತ್ತೋನಿಗಿಂತ ದೊಡ್ಡ ಅಪಾಯ ಯಾರಿಗಿದೆ? ಆದರೆ ನನ್ನ ಹೊಲದಲ್ಲಿ ರಾಗಿ ಬೆಳೆಯಲು ಪಕ್ಕದವನ ಹೊಲ ಒಣಗಬೇಕಾಗಿಲ್ಲ. ಇಬ್ಬರಿಗೂ ಬೆಳೆಯಬಹುದು. ಶೇರು ಮಾರ್ಕೆಟ್ ಬಗ್ಗೆಯೂ ಯೌವನಸ್ಥರು ಕೇಳ್ತೀರಿ. ಒಂದು ಕಂಪನಿಯಲ್ಲಿ ದುಡ್ಡು ತೊಡಗಿಸಿ ವರ್ಷಗಟ್ಟಲೆ ಕಾಯೋದು ಬೇರೆ. ಫ್ಯೂಚರ್ಸ್, ಆಪ್ಷನ್ಸ್ ಅಂತ ಬೆಳಿಗ್ಗೆ ಕೊಂಡು ಮಧ್ಯಾಹ್ನ ಮಾರೋದರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಜನ ಕಳಕೊಳ್ತಾರೆ ಅಂತ ಸೆಬಿಯೇ 2023ರಲ್ಲಿ ಹೇಳಿತು. ಅದು ಕುದುರೆ ಇಲ್ಲದ ರೇಸ್ ಕೋರ್ಸ್. ಇದರ ಬಗ್ಗೆ ಇನ್ನೊಂದು ದಿನ.

"ಬೈಬಲ್‌ನಲ್ಲೇ ಚೀಟು ಹಾಕಿದ್ದಾರಲ್ಲ" ಅನ್ನೋರೂ ಇದ್ದಾರೆ. ಅಪೊಸ್ತಲರ ಕೃತ್ಯಗಳು ಒಂದನೇ ಅಧ್ಯಾಯದಲ್ಲಿ ಮತ್ತೀಯನಿಗೆ ಚೀಟು ಬಂತು. ನಿಜ. ಆದರೆ ಅಲ್ಲಿ ಪ್ರಾರ್ಥನೆ ಮಾಡಿ ದೇವರ ಚಿತ್ತ ಕೇಳಿದರು, ಯಾರೂ ದುಡ್ಡು ಕಟ್ಟಲಿಲ್ಲ, ಚೀಟು ಬಾರದ ಯೋಸೇಫನ ಮನೆಯಿಂದ ಏನೂ ಹೋಗಲಿಲ್ಲ. ಲಾಭಕ್ಕಾಗಿ ಚೀಟು ಹಾಕಿದವರೂ ಇದ್ದಾರೆ, ಶಿಲುಬೆಯ ಬುಡದಲ್ಲಿ ಕೂತ ಸಿಪಾಯಿಗಳು. ಹೊಲಿಗೆಯಿಲ್ಲದ ಅಂಗಿ ಯಾರಿಗೆ ಅಂತ ನೋಡ್ತಿದ್ದರು. ತಲೆ ಎತ್ತಿದ್ದರೆ ಆ ಅಂಗಿಯ ಒಡೆಯ ಕಾಣ್ತಿದ್ದ.

ಈಗ ಕವರಿನ ವಿಷಯಕ್ಕೆ ಬರ್ತೀನಿ. ಎರಡು ವಾರ ಈ ವಿಷಯದಲ್ಲಿ ಪ್ರಾರ್ಥನೆ ಮಾಡಿದೆ. ಯೂದನು ಬಿಸಾಡಿದ ಮೂವತ್ತು ಬೆಳ್ಳಿ ನಾಣ್ಯಗಳನ್ನು ಮಹಾಯಾಜಕರು ಕಾಣಿಕೆ ಪೆಟ್ಟಿಗೆಗೆ ಹಾಕಲಿಲ್ಲ, ಅದು ರಕ್ತದ ಕ್ರಯ ಅಂದರು. ಕೊಟ್ಟವರೇ ಅವರು! ಕೊಡುವಾಗ ಕೈ ನಡುಗಲಿಲ್ಲ, ತೆಗೆದುಕೊಳ್ಳುವಾಗ ಮಡಿ ನೆನಪಾಯ್ತು. ಬರೀ "ಬೇಡ" ಅಂದು ಕೈ ತೊಳೆದುಕೊಂಡರೆ ನಾನೂ ಅದೇ ಸಾಲಿನಲ್ಲಿ ನಿಲ್ತೀನಿ ಅನ್ನೋ ಭಯ ನನಗಿತ್ತು.

ಆಗ ಜಕ್ಕಾಯ ನೆನಪಾದ. ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ತಿರುಗಿ ಕೊಡ್ತೀನಿ ಅಂದನಲ್ಲ, ಅವನಿಗೆ ಒಂದು ಅನುಕೂಲ ಇತ್ತು. ಯಾರಿಂದ ತೆಗೆದುಕೊಂಡೆ ಅಂತ ಅವನಿಗೆ ಗೊತ್ತಿತ್ತು. ಮನೆ ಹುಡುಕಿಕೊಂಡು ಹೋಗಬಹುದಿತ್ತು. ನಮ್ಮ ಸಹೋದರನಿಗೆ ಆ ದಾರಿಯೂ ಇಲ್ಲ. ಸೋತವರು ಯಾರು? ಯಾವ ಮನೆಯ ಬಾಡಿಗೆ ಅದು, ಯಾವ ಮಗುವಿನ ಫೀಸು, ಯಾವ ತಾಯಿಯ ಅಡವಿಟ್ಟ ಓಲೆ? ಕೌಂಟರಿನವರಿಗೂ ಗೊತ್ತಿಲ್ಲ. ಪಶ್ಚಾತ್ತಾಪ ಪಟ್ಟರೂ ತಿರುಗಿ ಕೊಡಲು ವಿಳಾಸ ಇಲ್ಲದ ದುಡ್ಡು. ಈ ಮಾತು ಹೇಳಿದಾಗ ಆ ಸಹೋದರ ಬಹಳ ಹೊತ್ತು ಸುಮ್ಮನಿದ್ದರು. ವಾದ ಮಾಡಲಿಲ್ಲ.

ಕವರನ್ನು ನಾವು ಪೆಟ್ಟಿಗೆಗೆ ಹಾಕಲಿಲ್ಲ, ಹಿರಿಯರೂ ಒಪ್ಪಿದರು. ಆ ಸಹೋದರಿಗೆ ವಾಪಸ್ ಕೊಟ್ಟು ಹೇಳಿದ್ದು ಇಷ್ಟೇ: ಅಕ್ಕಾ, ನಿಮ್ಮ ಬೀದಿಯಲ್ಲೇ ರೇಸಿನಿಂದ ಸಾಲಕ್ಕೆ ಬಿದ್ದ ಮನೆ ಇರ್ತದೆ. ಅಲ್ಲಿಗೆ ಅಕ್ಕಿ ಬೇಳೆ ತಗೊಂಡು ಹೋಗಿ. ಹತ್ತರಲ್ಲಿ ಒಂದು ಪಾಲು ಅಲ್ಲ, ಪೂರ್ತಿ. ಯಜಮಾನರನ್ನೂ ಕರಕೊಂಡು ಹೋಗಿ, ಆ ಮನೆಯ ಒಳಗೆ ಕೂತು ಒಂದು ಲೋಟ ನೀರು ಕುಡಿದು ಬನ್ನಿ.

ಈ ಸಭೆಯಲ್ಲಿ ಸೋತವರೂ ಕೂತಿದ್ದೀರಿ ಅಂತ ನನಗೆ ಗೊತ್ತು. ಬಡ್ಡಿಗೆ ತಂದು ಕಟ್ಟಿ, ಮನೆಯಲ್ಲಿ ಹೇಳದೆ ಒದ್ದಾಡ್ತಿರೋರು. ಬುಧವಾರ ಉಪವಾಸ ಪ್ರಾರ್ಥನೆ ಮುಗಿದ ಮೇಲೆ ನಾನೂ ಇಬ್ಬರು ಹಿರಿಯರೂ ಹಿಂದಿನ ಕೋಣೆಯಲ್ಲಿ ಇರ್ತೀವಿ. ಸಾಲದ ಚೀಟಿಗಳನ್ನು ತನ್ನಿ. ಸಾಧ್ಯವಾದರೆ ಹೆಂಡತಿಯನ್ನೂ ಕರಕೊಂಡು ಬನ್ನಿ. ಈಗ ಎಲ್ಲರೂ ಎದ್ದು ನಿಲ್ಲೋಣ, ಪ್ರಾರ್ಥಿಸೋಣ.