ಗ್ರಂಥಿ ಮತ್ತು ಸಂಶಯ

ಕಳೆದ ನರಕಚತುರ್ದಶಿಯ ನಸುಕಿನಲ್ಲಿ ನನ್ನ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದ ಮನೆಯಾಕೆ, ಹೆಗಲೆಲುಬಿನ ಪಕ್ಕದಲ್ಲಿ ಕೈ ತಡೆದು, “ಇದೇನ್ರೀ, ಇಲ್ಲೊಂದು ಗಂಟಿದೆಯಲ್ಲ!” ಎಂದಳು. ಅರುವತ್ತೆಂಟು ವರ್ಷ ‘ನಾನು’ ಎಂದೇ ಬಗೆದು ಹೊತ್ತು ತಿರುಗಿದ ಈ ಶರೀರದಲ್ಲಿ, ನನ್ನ ಅಪ್ಪಣೆಯಾಗಲಿ ಅರಿವಾಗಲಿ ಇಲ್ಲದೆ ಒಂದು ವಸ್ತು ಬೆಳೆದಿತ್ತು. ಅದನ್ನು ಕಾಣಲು ಇನ್ನೊಬ್ಬರ ಕೈ ಬೇಕಾಯಿತು. ದೇಹದ ಸ್ಥೌಲ್ಯ ಕಾರ್ಶ್ಯಗಳನ್ನು ಮನುಷ್ಯನು ಆತ್ಮನ ಮೇಲೆ ಆರೋಪಿಸಿಕೊಳ್ಳುವನೆಂದು ಶಂಕರರು ಅಧ್ಯಾಸವನ್ನು ವಿವರಿಸುವಲ್ಲಿ ಹೇಳಿರುವುದನ್ನು ಎಷ್ಟೋ ಸಲ ಓದಿದ್ದೆ. ಆದರೆ ‘ನಾನು ದಪ್ಪಗಿದ್ದೇನೆ’ ಎನ್ನುವಷ್ಟು ಸಲೀಸಾಗಿ ‘ನಾನು ಗಂಟಾಗಿದ್ದೇನೆ’ ಎಂದು ಯಾರೂ ಅನ್ನಲಾರರು. ಅದು ನಾನಲ್ಲ, ಅನ್ಯವೆನ್ನೋಣವೆಂದರೆ ನನ್ನ ರಕ್ತದಿಂದಲೇ ಪೋಷಿತವಾದುದು.

ಮಧ್ಯಾಹ್ನದೊಳಗೆ ತೀರ್ಪುಗಳು ಬಂದುವು. “ಕೊಬ್ಬಿನ ಗಂಟು, ಬಿಟ್ಟುಬಿಡಿ” ಎಂದರು ಒಬ್ಬರು. ಮತ್ತೊಬ್ಬರು ರೋಗದ ಹೆಸರನ್ನೆತ್ತದೆ ಬರಿದೆ ನಿಟ್ಟುಸಿರಿಟ್ಟರು. ನಾನೋ, ಆಷಾಢದಲ್ಲಿ ಜಗಲಿಯ ಮೇಲೆ ಜಾರಿ ಬಿದ್ದುದೇ ಇದಕ್ಕೆ ಕಾರಣವೆಂದು ನಿಶ್ಚಯಿಸಿದೆ. ಕಾಗೆ ಕುಳಿತಾಗ ತಾಳೆಹಣ್ಣು ಬಿದ್ದ ನ್ಯಾಯವಿದು: ಪೆಟ್ಟು ಬಹುಮಟ್ಟಿಗೆ ಗಂಟನ್ನು ಹುಟ್ಟಿಸುವುದಿಲ್ಲ, ಮೊದಲೇ ಇದ್ದುದರ ಕಡೆಗೆ ಗಮನವನ್ನು ಎಳೆಯುತ್ತದೆ. ಪೆಟ್ಟಿನಿಂದ ರಕ್ತ ಹೆಪ್ಪುಗಟ್ಟಿ ಗಂಟಾಗುವುದೂ ಉಂಟಾದ್ದರಿಂದಲೇ ಈ ಭ್ರಾಂತಿಗೆ ಇಷ್ಟು ಬಲ.

ಚರಕಸಂಹಿತೆಯ ವಿಮಾನಸ್ಥಾನವು ರೋಗವನ್ನು ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನಗಳೆಂಬ ಮೂರರಿಂದ ಅರಿಯಬೇಕೆನ್ನುತ್ತದೆ. ಶಸ್ತ್ರವೈದ್ಯರು ಆ ಗ್ರಂಥವನ್ನು ಓದಿದ್ದರೋ ಇಲ್ಲವೋ, ನಡೆದುದು ಆ ದಾರಿಯಲ್ಲೇ. ಎಂದಿನಿಂದ ಇದೆ, ಬೆಳೆಯುತ್ತಿದೆಯೆ, ನೋವುಂಟೆ ಎಂದು ಕೇಳಿದರು. ಬೆರಳಿನಿಂದ ಒತ್ತಿ, ಸ್ನಾಯುವನ್ನು ಬಿಗಿಹಿಡಿಯಹೇಳಿ ಮತ್ತೆ ಒತ್ತಿದರು. ಚರ್ಮದಡಿಯ ಮೆತ್ತನೆಯ ಕೊಬ್ಬಿನ ಗಂಟು ಬೆರಳಿಗೆ ಸಿಕ್ಕದೆ ಜಾರುತ್ತದೆ. ನನ್ನದು ಸ್ನಾಯು ಬಿಗಿದೊಡನೆ ಕದಲದೆ ನಿಂತಿತು. ನೋವಿಲ್ಲವೆಂದು ನಾನು ಸಮಾಧಾನಪಟ್ಟುದನ್ನು ಅವರು ಒಪ್ಪಲಿಲ್ಲ, ಏಕೆಂದರೆ ಸಾರ್ಕೋಮ ಎಂಬ ಮಾರಕ ಗಂಟು ಸಹ ಅನೇಕ ವೇಳೆ ನೋವಿಲ್ಲದೆಯೇ ಬೆಳೆಯುತ್ತದೆ. ವಯಸ್ಕರ ಕ್ಯಾನ್ಸರುಗಳಲ್ಲಿ ಅದು ನೂರಕ್ಕೆ ಸುಮಾರು 1 ಮಾತ್ರ. ಆದರೆ 5 ಸೆಂಟಿಮೀಟರಿಗಿಂತ ದೊಡ್ಡದಾಗಿ, ಆಳದಲ್ಲಿ ಕುಳಿತ ಗಂಟನ್ನು ಪರೀಕ್ಷಿಸದೆ ಬಿಡಬಾರದೆಂಬುದು ಅವರ ಶಾಸ್ತ್ರದ ನಿಯಮ. ಅಲ್ಟ್ರಾಸೌಂಡು ಅದು ನೀರಿನ ಚೀಲವಲ್ಲ, ಘನವಸ್ತುವೆಂದಿತು; ಎಂ.ಆರ್.ಐ. ಅದನ್ನು ಕೊಬ್ಬಿನಂತೆಯೇ ತೋರಿಸಿ, ನಡುನಡುವೆ ದಪ್ಪ ಪೊರೆಗಳನ್ನೂ ತೋರಿಸಿತು. ಉಳಿದುದು ಸೂಜಿ.

ವೇದಾಂತಿಗಳ ಹಗ್ಗ-ಹಾವಿನ ದೃಷ್ಟಾಂತದ ಮೇಲೆ ನನಗೊಂದು ಸಣ್ಣ ತಕರಾರು ಹುಟ್ಟಿದ್ದು ಆಗಲೇ. ಅಲ್ಲಿ ದೀಪ ತಂದಾಗ ಕಾಣುವುದು ಯಾವಾಗಲೂ ಹಗ್ಗವೇ. ಗಂಟಿನ ವಿಷಯದಲ್ಲಿ ಅದು ಹಾವೇ ಆಗಿರಬಹುದು. ಹಗ್ಗವೆಂದು ಧೈರ್ಯವಾಗಿ ಹಿಡಿದವನಿಗೂ ಹಾವೆಂದು ಓಡಿದವನಿಗೂ ದೀಪವಿಲ್ಲದಿರುವ ದೋಷ ಸಮಾನ.

“ಸೂಜಿ ಚುಚ್ಚಿದರೆ ಕೆರಳೀತು” ಎಂದು ಬಂಧುಗಳು ಹೆದರಿಸಿದರು. ಕ್ರಮವಾಗಿ ಮಾಡಿದಾಗ ಹಾಗಾಗುವುದು ಬಲು ವಿರಳ. ಮುಂದೆ ಶಸ್ತ್ರಕ್ರಿಯೆ ಬೇಕಾದರೆ ಸೂಜಿಯ ದಾರಿಯನ್ನೂ ಸೇರಿಸಿ ತೆಗೆಯಲು ಬರುವಂತೆ ಮೊದಲೇ ಎಣಿಸಿ ಚುಚ್ಚುತ್ತಾರೆ. ಕೆಡುಕಿರುವುದು ಅವಸರದ ಕತ್ತಿಯಲ್ಲಿ: ಸಾಮಾನ್ಯ ಗಂಟೆಂದು ಭಾವಿಸಿ ಸಾರ್ಕೋಮವನ್ನು ಕೊಯ್ದರೆ ಉಳಿದ ಕಣಗಳಿಗಾಗಿ ಮತ್ತೊಮ್ಮೆ, ಇನ್ನೂ ಅಗಲವಾಗಿ ಕೊಯ್ಯಬೇಕಾಗುತ್ತದೆ.

ವರದಿಗೆ ಎಂಟು ದಿನ ಕಾಯಬೇಕಾಯಿತು. ಗೌತಮನು ನ್ಯಾಯಸೂತ್ರದ ಹದಿನಾರು ಪದಾರ್ಥಗಳಲ್ಲಿ ಪ್ರಮಾಣ, ಪ್ರಮೇಯಗಳ ಬೆನ್ನಿಗೇ ಸಂಶಯವನ್ನಿಟ್ಟುದೇಕೆಂದು ಆ ದಿನಗಳಲ್ಲಿ ನನಗೆ ತಿಳಿಯಿತು. ಸಂಶಯವನ್ನು ಸಹಿಸಲಾರದವನು ಪ್ರಮಾಣಕ್ಕೆ ಕಾಯಲಾರ. ಹೃದಯಗ್ರಂಥಿ ಭೇದಿಸಿದಾಗ ಸಂಶಯಗಳೆಲ್ಲ ಕಡಿದುಹೋಗುವುವೆಂದು ಮುಂಡಕೋಪನಿಷತ್ತು ಹೇಳುವುದು ಪರಾವರವಾದ ಬ್ರಹ್ಮದ ದರ್ಶನದ ಫಲವನ್ನು. ನನ್ನ ಗ್ರಂಥಿಯನ್ನು ಭೇದಿಸಿದುದು ಒಂದು ಸೂಜಿ; ಕಡಿದುಹೋದುದೂ ಒಂದೇ ಸಂಶಯ. ಸ್ನಾಯುವಿನೊಳಗೆ ಬೆಳೆದ ನಿರಪಾಯವಾದ ಕೊಬ್ಬೆಂದು ವರದಿ ಬಂದಿತು. ತೆಗೆಸಲೇಬೇಕೆಂದಿಲ್ಲ, ಆರು ತಿಂಗಳಿಗೊಮ್ಮೆ ತೋರಿಸಿಕೊಂಡು ಹೋಗಿ ಎಂದರು ವೈದ್ಯರು.

ಈಗಲೂ ಎಣ್ಣೆ ಹಚ್ಚುವಾಗ ಮನೆಯಾಕೆಯ ಕೈ ಅಲ್ಲಿ ಒಂದು ಕ್ಷಣ ನಿಲ್ಲುತ್ತದೆ. “ಅಷ್ಟೇ ಇದೆ” ಎನ್ನುತ್ತಾಳೆ. ನಾನು ಹೂಂ ಎನ್ನುತ್ತೇನೆ.